ಹೊಲದಿಂದ ಯಾರ್ಡಿಗೆ: ದಾರಿಯ ಖರ್ಚು ಯಾರ ತಲೆಗೆ?

2022ರ ನವೆಂಬರಿನಲ್ಲಿ ಗದಗ ಜಿಲ್ಲೆಯ ರೈತರೊಬ್ಬರು 205 ಕಿಲೋ ಈರುಳ್ಳಿಯನ್ನು ಸುಮಾರು 415 ಕಿಲೋಮೀಟರ್ ದೂರದ ಬೆಂಗಳೂರಿನ ಯಶವಂತಪುರ ಕೃಷಿ ಮಾರುಕಟ್ಟೆಯ ಯಾರ್ಡಿಗೆ ತಂದರು. ಕ್ವಿಂಟಲಿಗೆ 200 ರೂಪಾಯಿ ದರ ಬಿತ್ತು, ಒಟ್ಟು 410 ರೂಪಾಯಿ. ಅದರಲ್ಲಿ ಹಮಾಲಿ 24 ರೂಪಾಯಿ, ಲಾರಿ ಬಾಡಿಗೆ 377 ರೂಪಾಯಿ 64 ಪೈಸೆ ಕಳೆದು ಕೈಗೆ ಬಂದದ್ದು 8 ರೂಪಾಯಿ 36 ಪೈಸೆ. ವ್ಯಾಪಾರಿ ಬರೆದುಕೊಟ್ಟ ಆ ಲೆಕ್ಕದ ಪಟ್ಟಿಯ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಓಡಾಡಿತು. ಎಲ್ಲರೂ ಮರುಗಿದರು, ಕೆಲವರು ಸರ್ಕಾರವನ್ನು ಬೈದರು, ಕೆಲವರು ದಲ್ಲಾಳಿಗಳನ್ನು. ಪಟ್ಟಿಯನ್ನು ಕೂತು ಬಿಡಿಸಿ ಓದಿದವರು ಕಡಿಮೆ. ಸಾರಿಗೆಗೂ ಬೇಸಾಯಕ್ಕೂ ಇರುವ ಸಂಬಂಧವನ್ನು ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಲೆಕ್ಕ ಹೀಗಿದೆ. ಬಾಡಿಗೆಯನ್ನು 205 ಕಿಲೋಗೆ ಹಂಚಿದರೆ ಕಿಲೋಗೆ 1 ರೂಪಾಯಿ 84 ಪೈಸೆ, ಹಮಾಲಿ ಸುಮಾರು 12 ಪೈಸೆ. ಕಿಲೋ ಈರುಳ್ಳಿ ಎರಡು ರೂಪಾಯಿಗೆ ಹೋದದ್ದರಿಂದ ರೈತನಿಗೆ ಉಳಿದದ್ದು ಕಿಲೋಗೆ ನಾಲ್ಕು ಪೈಸೆ. ಅದೇ ದಿನ ದರ ಕಿಲೋಗೆ 20 ರೂಪಾಯಿ ಇದ್ದಿದ್ದರೆ? ಲಾರಿಯವನು ಆಗಲೂ ಅದೇ 1 ರೂಪಾಯಿ 84 ಪೈಸೆ ತೆಗೆದುಕೊಳ್ಳುತ್ತಿದ್ದ, ರೈತನಿಗೆ 18 ರೂಪಾಯಿಯ ಮೇಲೆ ಉಳಿಯುತ್ತಿತ್ತು. ಬಾಡಿಗೆ ತೂಕ ಮತ್ತು ದೂರವನ್ನು ನೋಡುತ್ತದೆಯೇ ಹೊರತು ಮಾಲಿನ ಬೆಲೆಯನ್ನು ನೋಡುವುದಿಲ್ಲ. ಯಾರ್ಡಿನಲ್ಲಿ ದರ 20ರಿಂದ 2ಕ್ಕೆ ಇಳಿದರೆ ಅಲ್ಲಿನ ಫಲಕದಲ್ಲಿ ಕಾಣುವ ಕುಸಿತ ಶೇ 90. ಹೊಲದಲ್ಲಿ ಮಾತ್ರ ಅದು ಹತ್ತಿರ ಹತ್ತಿರ ನೂರಕ್ಕೆ ನೂರು. ದೂರದ ಮಾರುಕಟ್ಟೆಯನ್ನು ನಂಬಿದ ರೈತನಿಗೆ ಬೆಲೆಯ ಪ್ರತಿ ಏಟೂ ದೊಡ್ಡದಾಗಿಯೇ ಬೀಳುತ್ತದೆ.

ಇನ್ನೊಂದು ಸಂಗತಿಯೂ ಆ ಪಟ್ಟಿಯಲ್ಲಿದೆ. ಬಾಡಿಗೆಯನ್ನು ಕಳೆದದ್ದು ರೈತನ ಹಣದಲ್ಲಿ. ಕೊಳ್ಳುವವನ ಲೆಕ್ಕಕ್ಕೆ ಅದು ಹೋಗಲಿಲ್ಲ. ಬೇರೆ ಸರಕುಗಳಲ್ಲಿ ಹೀಗಾಗುವುದಿಲ್ಲ. ಸಿಮೆಂಟ್ ತಯಾರಕ ತನ್ನ ಸಾಗಣೆ ವೆಚ್ಚವನ್ನು ಚೀಲದ ಬೆಲೆಗೆ ಸೇರಿಸಿಯೇ ಮಾರುತ್ತಾನೆ. ರೈತನಿಗೆ ಅದು ಆಗದಿರುವುದಕ್ಕೆ ಕಾರಣ, ಈರುಳ್ಳಿಯನ್ನು ಕಿತ್ತಾಗಿದೆ. ಮಣ್ಣಿಗೆ ವಾಪಸ್ ಹಾಕಲಾಗದು, ಮನೆಯಲ್ಲಿ ಇಟ್ಟರೆ ಮೊಳಕೆ ಬರುತ್ತದೆ ಇಲ್ಲವೇ ಕೊಳೆಯುತ್ತದೆ. ಕೊಳ್ಳುವವನಿಗೆ ನಾಳೆ ಎಂಬುದಿದೆ, ನಾಸಿಕ್ ಎಂಬುದಿದೆ, ಚಳ್ಳಕೆರೆ ಎಂಬುದಿದೆ. ಆದ್ದರಿಂದ ಬೆಲೆ ನಗರದ ತುದಿಯಲ್ಲಿ ನಿಗದಿಯಾಗುತ್ತದೆ, ಅಲ್ಲಿಂದ ಒಂದೊಂದೇ ಖರ್ಚು ಕಳೆಯುತ್ತ ಬಂದು ಕೊನೆಗೆ ಉಳಿದದ್ದನ್ನು ಹೊಲದ ಬದುವಿನಲ್ಲಿ ಬೆಲೆ ಎನ್ನುತ್ತೇವೆ.

ಕಬ್ಬಿನಲ್ಲಿ ಈ ವ್ಯವಸ್ಥೆಗೆ ಹೆಸರೇ ಇದೆ: ಕಟಾವು ಮತ್ತು ಸಾಗಣೆ ವೆಚ್ಚ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ಘೋಷಿಸಿದ ನ್ಯಾಯಸಮ್ಮತ ಬೆಲೆ, ಶೇ 10.25 ಸಕ್ಕರೆ ಇಳುವರಿಯ ಕಬ್ಬಿಗೆ ಟನ್ನಿಗೆ 3,550 ರೂಪಾಯಿ. ಪತ್ರಿಕೆಯಲ್ಲಿ ಓದಿದವರು ರೈತನಿಗೆ ಇಷ್ಟೂ ಸಿಗುತ್ತದೆ ಎಂದುಕೊಳ್ಳುತ್ತಾರೆ. ಆದರೆ ಕಾರ್ಖಾನೆಯು ಕಬ್ಬು ಕಡಿಯುವ ಗ್ಯಾಂಗಿನ ಕೂಲಿ, ಟ್ರ್ಯಾಕ್ಟರಿನ ಬಾಡಿಗೆ ಎಂದು ನೂರಾರು ರೂಪಾಯಿ ಮುರಿದುಕೊಂಡು ಉಳಿದದ್ದನ್ನು ಖಾತೆಗೆ ಹಾಕುತ್ತದೆ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ದಿನಗಟ್ಟಲೆ ಕೂತಾಗಲೂ ಮಾತೆಲ್ಲ ಸುತ್ತಿದ್ದು ಇದರ ಸುತ್ತಲೇ: ಹೇಳುತ್ತಿರುವ ದರ ಕಟಾವು-ಸಾಗಣೆ ಸೇರಿಸಿಯೋ, ಬಿಟ್ಟೋ? ನಗರದ ಓದುಗರಿಗೆ ಇದು ಸಣ್ಣ ತಾಂತ್ರಿಕ ತಕರಾರಿನಂತೆ ಕಂಡಿರಬಹುದು. ಬೆಳೆದವನಿಗೆ ಇಡೀ ಜಗಳವೇ ಅದು.

ಹಾಗಾದರೆ ರಸ್ತೆ ಸುಧಾರಿಸಿ ಬಾಡಿಗೆ ಕಡಿಮೆಯಾದರೆ ಆ ಉಳಿತಾಯವೆಲ್ಲ ರೈತನಿಗೇ ಬರಬೇಕಲ್ಲವೇ? ಬರಬಹುದು, ಷರತ್ತಿನ ಮೇಲೆ. ಊರಿಗೆ ನಾಲ್ಕು ಜನ ವ್ಯಾಪಾರಿಗಳು ಗಾಡಿ ತರುವಂತಾದರೆ ಅವರವರಲ್ಲಿ ಪೈಪೋಟಿ ಬಿದ್ದು ಬೆಲೆ ಏರುತ್ತದೆ. ಬರುವವನು ಒಬ್ಬನೇ ಆದರೆ, ಡಾಂಬರು ಹಾಕಿದ್ದರಿಂದ ಉಳಿದ ಡೀಸೆಲ್ಲಿನ ಹಣ ಅವನಲ್ಲೇ ಉಳಿಯುತ್ತದೆ. ಲಾರಿಯವರಿಗೆ ವಾಪಸ್ ಲೋಡು ಸಿಗುತ್ತದೆಯೇ ಎಂಬುದೂ ಇಲ್ಲಿ ಸೇರುತ್ತದೆ. ದೊಡ್ಡ ನಗರಕ್ಕೆ ಹೋದ ಲಾರಿ ಬರುವಾಗ ಏನಾದರೂ ತುಂಬಿಕೊಂಡು ಬರುತ್ತದೆ, ಹಾಗಾಗಿ ಬಾಡಿಗೆ ಹದವಾಗಿರುತ್ತದೆ. ಸಣ್ಣ ತಾಲ್ಲೂಕು ಮಾರುಕಟ್ಟೆಗೆ ಹೋದದ್ದು ಖಾಲಿ ಬರಬೇಕು, ಅದರ ಖರ್ಚನ್ನೂ ಹೋಗುವಾಗಿನ ಮಾಲೇ ಹೊರಬೇಕು. ಹತ್ತಿರದ ಮಾರುಕಟ್ಟೆ ಬಿಟ್ಟು 400 ಕಿಲೋಮೀಟರ್ ಹೋಗುವ ರೈತನನ್ನು ನೋಡಿ ನಗುವವರು ಇದನ್ನು ಗಮನಿಸಬೇಕು.

ಕಾಯಬಲ್ಲ ಬೆಳೆ, ಕಾಯಲಾರದ ಬೆಳೆ

ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದು ಎಂಜಿನಿಯರರ ರೂಢಿ. ಬೆಳೆಗೆ ದೂರವೆಂದರೆ ಗಂಟೆ. ಕರೆದ ಹಾಲು ಬೇಸಿಗೆಯಲ್ಲಿ ನಾಲ್ಕೈದು ಗಂಟೆ ಹಾಗೇ ಇದ್ದರೆ ಹುಳಿಯಾಗುತ್ತದೆ. ಕಡಿದ ಕಬ್ಬು ದಿನ ಕಳೆದಂತೆ ತೂಕವನ್ನೂ ಸಕ್ಕರೆಯನ್ನೂ ಕಳೆದುಕೊಳ್ಳುತ್ತದೆ. ಸೊಪ್ಪು ಸಂಜೆಗೆ ಬಾಡುತ್ತದೆ. ರಾಗಿ ಮಾತ್ರ ಹಗೇವಿನಲ್ಲಿ ವರ್ಷಗಟ್ಟಲೆ ಕೂತೀತು. ಯಾವ ಊರಿನಲ್ಲಿ ಏನು ಬೆಳೆಯುತ್ತಾರೆ ಎಂಬುದನ್ನು ಮಣ್ಣು ಮತ್ತು ನೀರಿನಷ್ಟೇ ಈ ಗಂಟೆಗಳೂ ತೀರ್ಮಾನಿಸುತ್ತವೆ. ಜರ್ಮನಿಯ ಜಮೀನ್ದಾರ ಯೋಹಾನ್ ಹೈನ್ರಿಕ್ ಫಾನ್ ಥ್ಯೂನೆನ್ 1826ರಲ್ಲೇ ಇದನ್ನು ಪುಸ್ತಕ ಮಾಡಿ ಬರೆದಿದ್ದ: ಪಟ್ಟಣದ ಪಕ್ಕದಲ್ಲಿ ಹಾಲು-ತರಕಾರಿ, ಅದರಾಚೆ ಧಾನ್ಯ, ಕೊನೆಗೆ ತಾನೇ ನಡೆದು ಬರಬಲ್ಲ ದನಕುರಿ. ಬೆಂಗಳೂರಿನ ಸುತ್ತಲಿನ ಹೂವು-ಸೊಪ್ಪಿನ ಹಳ್ಳಿಗಳಿಂದ ಹೊರಟು ಸಿರಾ ದಾಟುವವರೆಗೆ ಬಸ್ಸಿನ ಕಿಟಕಿಯಲ್ಲಿ ನೋಡುತ್ತ ಹೋದರೆ ಆ ಉಂಗುರಗಳು ಇಂದಿಗೂ ಸ್ವಲ್ಪ ಮಟ್ಟಿಗೆ ಕಾಣುತ್ತವೆ. ಒಳ್ಳೆಯ ರಸ್ತೆ ಮಾಡುವ ಕೆಲಸ ಉಂಗುರವನ್ನು ಹಿಗ್ಗಿಸುವುದು. ಕೋಲಾರದ ಟೊಮೆಟೊ ಇಂದು ಪಶ್ಚಿಮ ಬಂಗಾಳದವರೆಗೆ ಲಾರಿಯಲ್ಲಿ ಹೋಗುತ್ತದೆ.

ರಸ್ತೆ ಇಲ್ಲದ ಕಾಲದಲ್ಲಿ ನಮ್ಮವರು ಕೈಕಟ್ಟಿ ಕೂತಿರಲಿಲ್ಲ. ದಾರಿಯನ್ನು ಚಿಕ್ಕದು ಮಾಡಲು ಆಗದಿದ್ದಾಗ ಮಾಲನ್ನೇ ಚಿಕ್ಕದು ಮಾಡಿದರು. ತಿಪಟೂರು ಸೀಮೆಯಲ್ಲಿ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಸದ್ದು ಬಂದ ಮೇಲೆ ಸುಲಿದು ಒಡೆದರೆ ಉಂಡೆ ಕೊಬ್ಬರಿ. ಸಿಪ್ಪೆ, ಚಿಪ್ಪು, ನೀರು ಎಲ್ಲವೂ ಊರಲ್ಲೇ ಉಳಿಯುತ್ತವೆ. ಹೊರಗೆ ಹೋಗುವುದು ಬೆಲೆಯುಳ್ಳ ಭಾಗ ಮಾತ್ರ, ಅದೂ ಕೆಡದಂತೆ. ವಿಜಯಪುರದ ತಿಕೋಟಾ ಭಾಗದಲ್ಲಿ ದ್ರಾಕ್ಷಿಯನ್ನು ದ್ರಾವಣದಲ್ಲಿ ಅದ್ದಿ ಶೆಡ್ಡಿನ ನೆರಳಿನಲ್ಲಿ ಒಣಗಿಸಿ ಒಣದ್ರಾಕ್ಷಿ ಮಾಡುವುದೂ ಇದೇ ಉಪಾಯ. ಸುಮಾರು ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಆಗುತ್ತದೆ, ಎರಡು ದಿನದ ಆಯುಸ್ಸು ಎರಡು ಹಂಗಾಮಿಗೆ ಬೆಳೆಯುತ್ತದೆ. ಕಬ್ಬನ್ನು ಆಲೆಮನೆಯಲ್ಲಿ ಬೆಲ್ಲ ಮಾಡುವುದು, ಅಡಿಕೆಯನ್ನು ಬೇಯಿಸಿ ಒಣಗಿಸುವುದು ಕೂಡ ಹೀಗೆಯೇ. ಸಾಗಣೆಯನ್ನು ಮನೆಯಂಗಳದಲ್ಲೇ ಅರ್ಧ ಮುಗಿಸಿಬಿಡುವ ಈ ಕಸುಬುಗಳನ್ನು ನಾವು ‘ಸಾಂಪ್ರದಾಯಿಕ’ ಎಂದು ಕರೆದು ಮರೆಯುತ್ತೇವೆ. ನನಗೇನೋ ಇವು ದೊಡ್ಡ ಲಾಜಿಸ್ಟಿಕ್ಸ್ ಪಾಠಗಳಂತೆಯೇ ಕಾಣುತ್ತವೆ.

ಶರಾವತಿ ಹಿನ್ನೀರಿನ ಜನರ ಕಥೆಯನ್ನೂ ಇಲ್ಲಿ ಹೇಳಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ತುಮರಿ, ಸಿಗಂದೂರು ಸುತ್ತಲಿನ ಹಳ್ಳಿಗಳಿಗೆ ಸಾಗರ ಪೇಟೆಯ ನೇರ ದಾರಿ ನೀರಿನಡಿ ಸೇರಿತು. ನಾಡಿಗೆಲ್ಲ ಬೆಳಕು ಕೊಟ್ಟ ನೀರಿನಾಚೆ ಅವರು ಆರು ದಶಕ ಲಾಂಚಿಗೆ ಕಾಯುತ್ತ ಕಳೆದರು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ರಾತ್ರಿ ಈಚೆಯಲ್ಲೇ, ಇಲ್ಲವೇ ಹತ್ತಾರು ಮೈಲಿ ಸುತ್ತಬೇಕಿತ್ತು. ಬೇಸಿಗೆಯಲ್ಲಿ ನೀರಿಳಿದರೆ ವಾಹನಗಳನ್ನು ಹತ್ತಿಸುತ್ತಿರಲಿಲ್ಲ. ಅಂಥ ಕಡೆ ಬದುಕು ನಿಂತದ್ದು ಅಡಿಕೆಯ ಮೇಲೆ, ಅದಕ್ಕೆ ಕಾಯುವ ತಾಳ್ಮೆ ಇದೆ. ಆದರೆ ಹೆರಿಗೆ ನೋವಿಗೆ, ಹಾವು ಕಚ್ಚಿದವನಿಗೆ ಆ ತಾಳ್ಮೆ ಇರುವುದಿಲ್ಲ. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಎರಡೂಕಾಲು ಕಿಲೋಮೀಟರಿಗೂ ಮಿಕ್ಕಿದ ಸೇತುವೆ 2025ರ ಜುಲೈ 14ರಂದು ತೆರೆಯಿತು.

ಹಾಲಿನ ವಿಷಯಕ್ಕೆ ಬಂದರೆ ಕರ್ನಾಟಕದ ಸಾಧನೆ ದೊಡ್ಡದು, ಅದು ಸಾಗಣೆಯ ಸಾಧನೆಯೇ. 2024ರ ಮಧ್ಯಭಾಗದಲ್ಲಿ ಕೆಎಂಎಫ್‌ನ ಸಂಗ್ರಹ ದಿನಕ್ಕೆ ಒಂದು ಕೋಟಿ ಲೀಟರ್ ದಾಟಿತು. ಎರಡು ಮೂರು ಹಸು ಇಟ್ಟುಕೊಂಡವರು ಬೆಳಿಗ್ಗೆ ಮತ್ತು ಸಂಜೆ ಊರ ಡೇರಿಗೆ ಕ್ಯಾನು ಹಿಡಿದು ಬರುತ್ತಾರೆ, ಕೊಬ್ಬಿನಂಶ ನೋಡಿ ಬರೆದುಕೊಳ್ಳುತ್ತಾರೆ, ಅಲ್ಲೇ ಅಥವಾ ಪಕ್ಕದ ಊರಿನಲ್ಲಿ ದೊಡ್ಡ ಕೂಲರಿನಲ್ಲಿ ನಾಲ್ಕು ಡಿಗ್ರಿಗೆ ತಣಿಸಿ ಟ್ಯಾಂಕರಿಗೆ ತುಂಬುತ್ತಾರೆ. ತಣಿಸುವ ಆ ಯಂತ್ರ ಬಂದ ಮೇಲೆ ಗಾಡಿ ಒಂದು ಗಂಟೆ ತಡವಾದರೂ ಹಾಲು ಉಳಿಯುತ್ತದೆ. ಸಾಗಣೆ ಎಂದರೆ ಡಾಂಬರು ಮಾತ್ರ ಎಂದುಕೊಂಡರೆ ಇದು ಕಾಣುವುದಿಲ್ಲ: ಕರೆಂಟು, ಕೂಲರು, ತಪ್ಪದೆ ಬರುವ ಗಾಡಿ, ಇವು ಮೂರೂ ಸೇರಿದರೆ ರಸ್ತೆ. ಟೊಮೆಟೊಗೆ ಇವುಗಳಲ್ಲಿ ಯಾವುದೂ ಇಲ್ಲ. 15 ಕಿಲೋ ಬಾಕ್ಸು ಕೋಲಾರದಲ್ಲಿ 2023ರ ಜುಲೈನಲ್ಲಿ 2,000 ರೂಪಾಯಿ ದಾಟಿತ್ತು. ಬೆಲೆ ಬಿದ್ದ ವರ್ಷಗಳಲ್ಲಿ ಅದೇ ಟೊಮೆಟೊ ರಸ್ತೆ ಬದಿಯಲ್ಲಿ ರಾಶಿ ಬಿದ್ದಿರುವುದನ್ನು ಆ ದಾರಿಯಲ್ಲಿ ಓಡಾಡಿದವರೆಲ್ಲ ನೋಡಿದ್ದಾರೆ. ಕೀಳುವ ಕೂಲಿ, ಬಾಕ್ಸಿನ ಬಾಡಿಗೆ, ಗಾಡಿ ಬಾಡಿಗೆ ಸೇರಿದರೆ ಯಾರ್ಡಿನ ದರವನ್ನು ಮೀರುತ್ತದೆ ಎಂಬ ಲೆಕ್ಕ ದಾರಿಯಲ್ಲೇ ಗೊತ್ತಾದಾಗ ಸುರಿದು ಹೋಗುವುದೇ ಅಗ್ಗ.

ರೈಲು ಇದಕ್ಕೆ ಉತ್ತರವಾಗಬಹುದಿತ್ತು. 2020ರ ಆಗಸ್ಟ್ 7ರಂದು ಮಹಾರಾಷ್ಟ್ರದ ದೇವಳಾಲಿಯಿಂದ ಬಿಹಾರದ ದಾನಾಪುರಕ್ಕೆ ಮೊದಲ ಕಿಸಾನ್ ರೈಲು ಹೊರಟಿತು. ಹಣ್ಣು-ತರಕಾರಿ ಸಾಗಣೆಗೆ ಬಾಡಿಗೆಯಲ್ಲಿ ಶೇ 50 ಸಹಾಯಧನ ಕೊಟ್ಟರು. ದೂರದ ಸಾಗಣೆಗೆ ರೈಲು ಲಾರಿಗಿಂತ ಅಗ್ಗ ಎಂಬುದು ನಿಜ. ಆದರೆ ಹೊಲದಿಂದ ನಿಲ್ದಾಣಕ್ಕೆ ಒಮ್ಮೆ, ನಿಲ್ದಾಣದಿಂದ ಮಾರುಕಟ್ಟೆಗೆ ಇನ್ನೊಮ್ಮೆ ಹತ್ತಿಸಿ ಇಳಿಸಬೇಕು. ಪ್ರತಿ ಬಾರಿಯೂ ಹಮಾಲಿ, ಪ್ರತಿ ಬಾರಿಯೂ ಒಂದಿಷ್ಟು ಹಣ್ಣು ಜಜ್ಜುತ್ತದೆ. ಹತ್ತು ಬಾಕ್ಸು ಇಟ್ಟುಕೊಂಡವನಿಗೆ ಗದ್ದೆಯ ಬಾಯಿಗೆ ಬಂದು ನಿಲ್ಲುವ ಲಾರಿಯೇ ಅನುಕೂಲ.

ರಸ್ತೆಗೆ ಎರಡು ಬದಿ

ಊರಿಗೆ ರಸ್ತೆ ಬಂದರೆ ಮಾಲು ಹೊರಗೆ ಹೋಗುತ್ತದೆ ಎಂದಷ್ಟೇ ನಾವು ಭಾವಿಸುತ್ತೇವೆ. ಅದೇ ರಸ್ತೆಯಲ್ಲಿ ಹೊರಗಿನ ಮಾಲು ಒಳಗೂ ಬರುತ್ತದೆ. ಬ್ಯಾಡಗಿಯನ್ನು ನೋಡಿ. ಆ ಊರಿನ ಹೆಸರು ಹೊತ್ತ ಮೆಣಸಿನಕಾಯಿಯ ಮಾರುಕಟ್ಟೆಗೆ ಇಂದು ಬಳ್ಳಾರಿ, ರಾಯಚೂರು ಮಾತ್ರವಲ್ಲದೆ ಆಂಧ್ರ, ತೆಲಂಗಾಣಗಳಿಂದಲೂ ಲಾರಿಗಟ್ಟಲೆ ಚೀಲ ಬರುತ್ತವೆ. ಸುತ್ತಮುತ್ತ ಶೀತಲಗೃಹಗಳ ಸಾಲೇ ಎದ್ದಿದೆ. ಮಾರುಕಟ್ಟೆಯ ದೃಷ್ಟಿಯಿಂದ ಇದು ಯಶಸ್ಸು. ದರ ಮಾತ್ರ ಈಗ ಊರಿನ ಮಳೆಗೆ ಕಟ್ಟುಬಿದ್ದಿಲ್ಲ. ಸ್ಥಳೀಯವಾಗಿ ಬೆಳೆ ಕಡಿಮೆಯಾದ ವರ್ಷವೂ ಬೆಲೆ ಏರುತ್ತದೆಂಬ ಖಾತರಿ ಇಲ್ಲ. 2024ರ ಮಾರ್ಚ್ 11ರಂದು ದರ ಕುಸಿದಾಗ ಸಿಟ್ಟಿಗೆದ್ದ ಬೆಳೆಗಾರರು ಪ್ರಾಂಗಣಕ್ಕೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದರು. ಅಷ್ಟು ದೊಡ್ಡ ಮಾರುಕಟ್ಟೆಯನ್ನು ಕಟ್ಟಿದ್ದೂ, ಅಲ್ಲಿಗೆ ಒಂದೇ ವಾರದಲ್ಲಿ ಲಕ್ಷಾಂತರ ಚೀಲ ತಂದು ಸುರಿಯುವಂತೆ ಮಾಡಿದ್ದೂ ರಸ್ತೆಯೇ.

ಇದರ ಒಳ್ಳೆಯ ಮುಖವೂ ಅಷ್ಟೇ ನಿಜ. 1876–78ರ ಭೀಕರ ಬರಗಾಲದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ನೆಲಕಚ್ಚಿತು: 1871ರ ಗಣತಿಯಲ್ಲಿ 50 ಲಕ್ಷದ ಮೇಲಿದ್ದದ್ದು 1881ರಲ್ಲಿ ಸುಮಾರು 42 ಲಕ್ಷ. ಮದರಾಸಿನ ಕಡೆಯಿಂದ ರೈಲು 1864ರಲ್ಲೇ ಬೆಂಗಳೂರಿಗೆ ಬಂದಿತ್ತು. ಅಲ್ಲಿಂದಾಚೆಗೆ ಧಾನ್ಯ ಸಾಗಬೇಕಾದದ್ದು ಎತ್ತಿನ ಗಾಡಿಯಲ್ಲಿ. ಮಳೆಯಿಲ್ಲದ ವರ್ಷ ಮೇವೂ ಇಲ್ಲ, ಎತ್ತುಗಳೇ ಸಾಯುತ್ತಿದ್ದವು. ಬರಗಾಲದ ಕಾಮಗಾರಿಯಾಗಿ ಶುರುವಾದ ಬೆಂಗಳೂರು–ಮೈಸೂರು ಹಳಿ 1882ರಲ್ಲಿ ಮೈಸೂರು ಮುಟ್ಟಿತು. ಬ್ರಿಟಿಷ್ ಕಾಲದ ರೈಲುಗಳ ದಾಖಲೆಗಳನ್ನು ಜಾಲಾಡಿದ ಅರ್ಥಶಾಸ್ತ್ರಜ್ಞ ಡೇವ್ ಡೊನಾಲ್ಡ್‌ಸನ್, ಹಳಿ ಬಂದ ಜಿಲ್ಲೆಗಳಲ್ಲಿ ಕೃಷಿಯ ನೈಜ ಆದಾಯ ಸರಾಸರಿ ಶೇ 16ರಷ್ಟು ಏರಿತೆಂದು ಲೆಕ್ಕ ಹಾಕಿದ್ದಾರೆ. ಬ್ರಿಟಿಷ್ ಕಾಲದ ಆರ್ಥಿಕ ಇತಿಹಾಸಕಾರ ರಮೇಶ್ ಚಂದ್ರ ದತ್ತರಂಥವರ ತಕರಾರು ಬೇರೆ ಇತ್ತು: ಸರ್ಕಾರ ಹಳಿಗೆ ಸುರಿದಷ್ಟು ಹಣವನ್ನು ನೀರಾವರಿಗೆ ಏಕೆ ಸುರಿಯಲಿಲ್ಲ? ಇಬ್ಬರ ಮಾತಿನಲ್ಲೂ ಸತ್ಯವಿದೆ. ರೈಲು ಹಸಿದ ಊರಿಗೆ ಧಾನ್ಯ ತರಬಲ್ಲದು, ಕೈಯಲ್ಲಿ ಕಾಸಿಲ್ಲದ ಊರಿನಿಂದ ಒಯ್ಯಲೂ ಬಲ್ಲದು.

ದಾರಿ ಇದ್ದರೂ ಬಾಗಿಲು ಹಾಕಿದರೆ ಮುಗಿಯಿತು. ಶ್ರೀನಿವಾಸಪುರ ಸೀಮೆಯ ತೋತಾಪುರಿ ಮಾವು ಬಹುಪಾಲು ಹೋಗುವುದು ಗಡಿಯಾಚೆ ಚಿತ್ತೂರಿನ ತಿರುಳು ಕಾರ್ಖಾನೆಗಳಿಗೆ. 2025ರ ಜೂನಿನಲ್ಲಿ ಅಲ್ಲಿನ ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಗೆ ತಡೆ ಹಾಕಿತು. ರಸ್ತೆ ಎಲ್ಲಿದ್ದದ್ದು ಅಲ್ಲೇ ಇತ್ತು, ಗಾಡಿಗಳು ಮಾತ್ರ ಚೆಕ್‌ಪೋಸ್ಟಿನಲ್ಲಿ ನಿಂತವು. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದಾಗ ಪ್ರಕೃತಿಯೇ ಇದನ್ನು ಮಾಡುತ್ತದೆ. 2024ರ ಜುಲೈನಲ್ಲಿ ಹಾಸನ–ಮಂಗಳೂರು ಹೆದ್ದಾರಿ ಪದೇ ಪದೇ ಮುಚ್ಚಿದಾಗ ಮೇಲಿನಿಂದ ಇಳಿಯುವ ತರಕಾರಿಗೂ ಕೆಳಗಿನಿಂದ ಏರುವ ಮೀನಿಗೂ ಒಟ್ಟಿಗೇ ಸಂಕಟ.

ದಾರಿಯಲ್ಲಿ ಮೊದಲು ಹೊರಟವರು

2000ದ ಡಿಸೆಂಬರ್ 25ರಂದು ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾಯಿತು. ಬಯಲು ಸೀಮೆಯಲ್ಲಿ 500 ಜನರಿಗಿಂತ ದೊಡ್ಡ ಊರುಗಳಿಗೆ, ಗುಡ್ಡಗಾಡು ಮತ್ತು ಆದಿವಾಸಿ ಪ್ರದೇಶಗಳಲ್ಲಿ 250ಕ್ಕಿಂತ ದೊಡ್ಡವಕ್ಕೆ ಸರ್ವಋತು ರಸ್ತೆ ಎಂಬುದು ನಿಯಮ. ಸಂಶೋಧಕರಿಗೆ ಈ ನಿಯಮ ಅನಾಯಾಸವಾಗಿ ಒಂದು ಪ್ರಯೋಗವನ್ನೇ ಕೊಟ್ಟಿತು. 490 ಜನರ ಊರಿಗೂ 510 ಜನರ ಊರಿಗೂ ಬೇರೆ ಯಾವ ವ್ಯತ್ಯಾಸವೂ ಇರುವುದಿಲ್ಲ, ಒಂದಕ್ಕೆ ರಸ್ತೆ ಬಂತು, ಇನ್ನೊಂದಕ್ಕೆ ಬರಲಿಲ್ಲ. ಸ್ಯಾಮ್ ಆಶರ್ ಮತ್ತು ಪಾಲ್ ನೊವೊಸಾದ್ ಇಂಥ ಊರುಗಳನ್ನು ಹೋಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಫಲಿತಾಂಶ ಶಂಕುಸ್ಥಾಪನೆಯ ಭಾಷಣಗಳಿಗೆ ಹೊಂದುವಂಥದ್ದಲ್ಲ. ರಸ್ತೆ ಬಂದು ನಾಲ್ಕು ವರ್ಷಕ್ಕೆ ಬೆಳೆ, ಆದಾಯ, ಆಸ್ತಿ ಯಾವುದರಲ್ಲೂ ದೊಡ್ಡ ಬದಲಾವಣೆ ಕಾಣಲಿಲ್ಲ. ಕಂಡ ಮುಖ್ಯ ಬದಲಾವಣೆ ಒಂದೇ: ಜನ ಬೇಸಾಯ ಬಿಟ್ಟು ಬೇರೆ ಕೆಲಸಕ್ಕೆ ಹೋಗತೊಡಗಿದರು.

ಅಂದರೆ ಹೊಸ ರಸ್ತೆಯಲ್ಲಿ ಟೊಮೆಟೊಗಿಂತ ಮೊದಲು ಹೊರಟದ್ದು ಆಳುಗಳು. ಇದನ್ನು ರಸ್ತೆಯ ಸೋಲು ಎಂದು ಓದುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ‘ಕಳೆ ಕೀಳಲು ಆಳು ಸಿಗುತ್ತಿಲ್ಲ’ ಎಂಬ ದೂರು ಎಲ್ಲ ಜಗಲಿಗಳಲ್ಲೂ ಕೇಳುತ್ತದೆ. ಆ ಜಗಲಿ ಜಮೀನಿದ್ದವರದು. ಜಮೀನಿಲ್ಲದವರ ಮನೆಯಲ್ಲಿ ಅದೇ ಸುದ್ದಿಯ ಹೆಸರು ಬೇರೆ. ಬೆಳಿಗ್ಗೆ ಏಳಕ್ಕೆ ಗೂಡ್ಸ್ ಆಟೋ ಹತ್ತಿ ಇಪ್ಪತ್ತು ಕಿಲೋಮೀಟರ್ ದೂರದ ಕಟ್ಟಡದ ಕೆಲಸಕ್ಕೆ ಹೋಗಬಲ್ಲವನು ಊರ ಗೌಡರ ಹೊಲದಲ್ಲಿ ಅವರು ಹೇಳಿದ ಕೂಲಿಗೆ ದುಡಿಯಬೇಕಿಲ್ಲ. ಸಾಲ ತೀರಿಸಲು ಜೀತದಂತೆ ಸುಗ್ಗಿ ಕಳೆಯಬೇಕಿಲ್ಲ. ರಾಜ್ಯದಲ್ಲಿ 2023ರ ಜೂನ್ 11ರಿಂದ ಮಹಿಳೆಯರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ ಕೂಲಿಗೆ ಹೋಗುವ ಹೆಂಗಸಿಗೆ ದಾರಿಯ ಖರ್ಚಿನ ಲೆಕ್ಕವೇ ಬದಲಾಯಿತು, ಆ ಹೊತ್ತಿಗೆ ಆ ಊರಿಗೆ ಬಸ್ಸು ಇದ್ದರೆ. ಡಾಂಬರು ಇದ್ದು ಬಸ್ಸಿಲ್ಲದ ಊರುಗಳು ಇನ್ನೂ ಬೇಕಾದಷ್ಟಿವೆ.

ಮಕ್ಕಳ ವಿಷಯದಲ್ಲಿ ಅಧ್ಯಯನಗಳು ಎರಡು ಮಾತು ಹೇಳುತ್ತವೆ. ರಸ್ತೆ ಬಂದ ಊರುಗಳಲ್ಲಿ ಹಿರಿಯ ಪ್ರಾಥಮಿಕ ಹಂತದ ದಾಖಲಾತಿ ಏರಿತು ಎಂದು ಒಂದು. ಹದಿನಾಲ್ಕು ದಾಟಿದ ಹುಡುಗರು ಶಾಲೆ ಬಿಟ್ಟು ದುಡಿಯಲು ಹೊರಟರು ಎಂದು ಇನ್ನೊಂದು. ಎರಡೂ ಒಟ್ಟಿಗೆ ನಿಜವಾಗಿರಲು ಅಡ್ಡಿಯಿಲ್ಲ. ಶಾಲೆಗೆ ಹೋಗುವ ರಸ್ತೆಯೇ ಗಾರೆ ಕೆಲಸಕ್ಕೂ ಹೋಗುತ್ತದೆ. ಈ ಎರಡನೆಯ ಅಧ್ಯಯನದಲ್ಲೇ ಇನ್ನೊಂದು ಅಂಶವಿದೆ: ರಸ್ತೆ ಬಂದ ಕಡೆ ರಸಗೊಬ್ಬರ ಮತ್ತು ಹೈಬ್ರಿಡ್ ಬೀಜದ ಬಳಕೆ ಹೆಚ್ಚಿತು. ಗೊಬ್ಬರದ ಚೀಲ ಊರ ಬಾಗಿಲಿಗೆ ಬಂದರೆ ಬಳಸುವ ಧೈರ್ಯ ಬರುತ್ತದೆ.

ದೊಡ್ಡ ರಸ್ತೆ ಯಾರಿಗೆ

ಹಳ್ಳಿಯ ರಸ್ತೆ ಮತ್ತು ಎಕ್ಸ್‌ಪ್ರೆಸ್ ಹೆದ್ದಾರಿ ಎರಡನ್ನೂ ‘ಮೂಲಸೌಕರ್ಯ’ ಎಂಬ ಒಂದೇ ಚೀಲಕ್ಕೆ ಹಾಕುವುದರಿಂದ ಬಹಳ ಗೊಂದಲವಾಗಿದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥವನ್ನು ನೋಡಿ. ಆ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಅಪಘಾತಗಳ ದೃಷ್ಟಿಯಿಂದ ನಿರ್ಧಾರ ಸರಿಯೇ ಇರಬಹುದು. ಆದರೆ ಮಂಡ್ಯ, ರಾಮನಗರಗಳ ರೈತನ ಬಳಿ ಇರುವ ವಾಹನಗಳ ಪಟ್ಟಿಯೂ ಹೆಚ್ಚು ಕಡಿಮೆ ಅದೇ. ಅವನ ಹೊಲದ ಮಧ್ಯೆ ಹಾದ ರಸ್ತೆ ಅವನ ಕಬ್ಬಿನ ಗಾಡಿಗೆ ಇಲ್ಲ. ಪಕ್ಕದ ಸರ್ವಿಸ್ ರಸ್ತೆಯಲ್ಲಿ, ಎಲ್ಲೋ ಇರುವ ಕೆಳಸೇತುವೆಯನ್ನು ಹುಡುಕಿಕೊಂಡು ಹೋಗಬೇಕು. ಮನೆ ಒಂದು ಬದಿಗೆ, ಹೊಲ ಇನ್ನೊಂದು ಬದಿಗೆ ಆದವರಿಗೆ ದಿನಕ್ಕೆ ಎರಡು ಸಲ ಆ ಸುತ್ತು.

ರಸ್ತೆ ಬದಿಯ ಬದುಕಿಗೂ ಏಟು ಬಿತ್ತು. ಮದ್ದೂರಿನ ವಡೆ, ಚನ್ನಪಟ್ಟಣದ ಗೊಂಬೆ, ದಾರಿಯುದ್ದಕ್ಕೂ ಎಳನೀರು ಮತ್ತು ಸೀಬೆಹಣ್ಣು ಮಾರುವವರ ವ್ಯಾಪಾರ ನಿಂತಿದ್ದು ಊರೊಳಗೆ ಹಾದು ಹೋಗುವ ವಾಹನಗಳ ಮೇಲೆ. ಬೈಪಾಸಿನ ಮೇಲೆ ಗಂಟೆಗೆ ನೂರು ಕಿಲೋಮೀಟರ್ ಓಡುವವರು ಸೀಬೆಹಣ್ಣಿಗೆ ನಿಲ್ಲುವುದಿಲ್ಲ. ರೈತನಿಗೆ ಅದು ದಲ್ಲಾಳಿಯಿಲ್ಲದ, ಬಾಡಿಗೆಯಿಲ್ಲದ ಮಾರುಕಟ್ಟೆಯಾಗಿತ್ತು. ಕೊಳ್ಳುವವನೇ ತನ್ನ ಪೆಟ್ರೋಲು ಸುಟ್ಟು ಹೊಲದ ಹತ್ತಿರ ಬರುತ್ತಿದ್ದ. ಯೋಜನಾ ವರದಿಗಳ ಲಾಭ-ನಷ್ಟದ ಕಲಮಿನಲ್ಲಿ ಪ್ರಯಾಣಿಕನಿಗೆ ಉಳಿದ ನಿಮಿಷಗಳಿಗೆ ಜಾಗವಿದೆ, ಬುಟ್ಟಿ ಇಟ್ಟುಕೊಂಡು ಕೂತವಳಿಗೆ ಸಾಮಾನ್ಯವಾಗಿ ಇರುವುದಿಲ್ಲ.

ನೀರಿನ ಮಾತೂ ಇದೆ. ಎತ್ತರಿಸಿದ ಹೆದ್ದಾರಿ ಹರಿಯುವ ನೀರಿಗೆ ಒಡ್ಡಿನ ಹಾಗೆ ಅಡ್ಡ ನಿಲ್ಲುತ್ತದೆ. ಮೋರಿಗಳು ಸಾಲದೆ ಹೋದರೆ ಒಂದು ಬದಿಯ ಗದ್ದೆ ಮುಳುಗುತ್ತದೆ, ಇನ್ನೊಂದು ಬದಿಯ ಕೆರೆಗೆ ನೀರು ಬರುವುದು ನಿಲ್ಲುತ್ತದೆ. 2022ರ ಆಗಸ್ಟಿನ ಮಳೆಯಲ್ಲಿ ರಾಮನಗರದ ಬಳಿ ಕೆಳಸೇತುವೆಗಳಲ್ಲಿ ಕಾರುಗಳು ತೇಲಿದ್ದು ಸುದ್ದಿಯಾಯಿತು. ಗದ್ದೆಗಳಲ್ಲಿ ನಿಂತ ನೀರು ಸುದ್ದಿಯಾಗುವುದು ಅಪರೂಪ.

ಭೂಸ್ವಾಧೀನದಲ್ಲಿ 2013ರ ಕಾಯ್ದೆಯ ನಂತರ ಜಮೀನಿನ ಒಡೆಯನಿಗೆ ಹಿಂದಿಗಿಂತ ಒಳ್ಳೆಯ ಪರಿಹಾರವಿದೆ. ಗೇಣಿದಾರ ಮತ್ತು ಕೃಷಿ ಕೂಲಿಕಾರರನ್ನೂ ಕಾಯ್ದೆ ಬಾಧಿತರೆಂದು ಗುರುತಿಸುತ್ತದೆ. ತೊಡಕು ಬೇರೆ ಕಡೆ ಇದೆ. ಕರ್ನಾಟಕದಲ್ಲಿ 1974ರ ಭೂಸುಧಾರಣೆಯ ನಂತರ ಗೇಣಿಗೆ ಕೊಡುವುದನ್ನೇ ಕಾನೂನು ಬಹುತೇಕ ನಿಷೇಧಿಸಿದೆ. ಗೇಣಿ ನಿಂತಿಲ್ಲ, ಬಾಯಿಮಾತಿನಲ್ಲಿ ನಡೆಯುತ್ತಿದೆ. ಪಹಣಿಯಲ್ಲಿ ಹೆಸರಿಲ್ಲದವನು ಹತ್ತು ವರ್ಷ ಉತ್ತಿದ್ದೇನೆಂದು ಯಾವ ಕಾಗದ ತೋರಿಸಿಯಾನು? ಪರಿಹಾರದ ಚೆಕ್ಕು ಬೆಂಗಳೂರಿನಲ್ಲಿ ಕೂತ ಖಾತೆದಾರನಿಗೆ ಹೋಗುತ್ತದೆ, ಕೆಲಸ ಹೋದದ್ದು ಊರಿನಲ್ಲಿದ್ದವನಿಗೆ.

ಇವೆಲ್ಲ ಹೇಳಿ ದೊಡ್ಡ ರಸ್ತೆ ಬೇಡ ಎಂದರೆ ತಪ್ಪಾಗುತ್ತದೆ. ಕೋಲಾರದ ಟೊಮೆಟೊ ಲಾರಿಗೂ ಅದು ಬೇಕು. ಆದರೆ ಹಣವನ್ನು ಎಲ್ಲಿ ಹಾಕಿದರೆ ಹೊಲದ ಬದುವಿನ ಬೆಲೆ ಹೆಚ್ಚು ಏರುತ್ತದೆ ಎಂದು ಕೇಳಿದರೆ ನಾನು ಬೆರಳು ತೋರಿಸುವುದು ಇನ್ನೊಂದು ತುದಿಗೆ. ರಾಜ್ಯದಲ್ಲಿ ಸರಾಸರಿ ಹಿಡುವಳಿ 2015–16ರ ಗಣತಿಯಲ್ಲಿ 1.36 ಹೆಕ್ಟೇರ್, ಅಂದರೆ ಮೂರೂಕಾಲು ಎಕರೆಯ ಆಸುಪಾಸು. ಅಂಥ ಸಾವಿರಾರು ತುಂಡುಗಳಲ್ಲಿ ಊರ ರಸ್ತೆಗೆ ತಾಗಿಕೊಂಡಿರುವವು ಕೆಲವೇ. ಉಳಿದವರು ಇನ್ನೊಬ್ಬರ ಬದುವಿನ ಮೇಲೆ ಹಾಯಬೇಕು. ಎರೆ ಸೀಮೆಯಲ್ಲಿ ಹಿಂಗಾರಿ ಮಳೆ ನಾಲ್ಕು ದಿನ ಹಿಡಿದರೆ ಟ್ರ್ಯಾಕ್ಟರಿನ ಗಾಲಿ ಅಚ್ಚಿನವರೆಗೆ ಹೂಳುತ್ತದೆ. ಬಿಡಿಸಿದ ಹತ್ತಿ, ಕಿತ್ತ ಈರುಳ್ಳಿ ಹೊಲದಲ್ಲೇ ತೋಯುತ್ತವೆ. ತಲೆಹೊರೆಯಲ್ಲಿ ಅರ್ಧ ಕಿಲೋಮೀಟರ್ ಹೊರಿಸಿದರೆ ಆ ಕೂಲಿ, ಅಲ್ಲಿಂದ ಜಿಲ್ಲಾ ಕೇಂದ್ರದ ಯಾರ್ಡಿನವರೆಗಿನ ಲಾರಿ ಬಾಡಿಗೆಗೆ ಸಮ ಬರುವುದೂ ಉಂಟು. ದಾರಿ ಇಲ್ಲದ ಹೊಲಕ್ಕೆ ಕಟಾವು ಯಂತ್ರ ಬರುವುದಿಲ್ಲ, ತರಕಾರಿ ಕೊಳ್ಳುವವನು ಬರುವುದಿಲ್ಲ. ಹಾಗಾಗಿ ಅಲ್ಲಿ ಜೋಳವನ್ನೋ ಕಡಲೆಯನ್ನೋ ಬಿತ್ತುತ್ತಾರೆ, ನೀರಿದ್ದರೂ.

ಉದ್ಯೋಗ ಖಾತರಿ ಹಣದಲ್ಲಿ ‘ನಮ್ಮ ಹೊಲ ನಮ್ಮ ದಾರಿ’ ಎಂಬ ಹೆಸರಿನಲ್ಲಿ ಇಂಥ ದಾರಿಗಳಿಗೆ ಗ್ರಾವೆಲ್ ಹಾಕಿದ ಪಂಚಾಯಿತಿಗಳಿವೆ, ಹಾಕದವೂ ಇವೆ. ಹಣಕ್ಕಿಂತ ಮೊದಲ ಅಡ್ಡಿ ಜಗಳ. ಹಳೆಯ ಗ್ರಾಮ ನಕಾಶೆಗಳಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಚುಕ್ಕಿಗೆರೆಯಲ್ಲಿ ಗುರುತು ಮಾಡಿರುತ್ತಾರೆ. ಮೂರು ತಲೆಮಾರಿನಲ್ಲಿ ಎರಡೂ ಬದಿಯವರು ವರ್ಷಕ್ಕೊಂದು ಸಾಲು ಉತ್ತು ಬಂಡಿದಾರಿ ಕಾಲುದಾರಿಯಾಗಿದೆ, ಕಾಲುದಾರಿ ಬದುವಾಗಿದೆ. ನಕಾಶೆಯಲ್ಲಿರುವ ದಾರಿಯ ಒತ್ತುವರಿ ತೆರವಿಗೆ ತಹಶೀಲ್ದಾರರಿಗೆ ಅರ್ಜಿ ಕೊಡಬಹುದು. ಸರ್ವೆಯವರು ಬಂದು ಅಳೆದು, ಕಂದಾಯ ನಿರೀಕ್ಷಕರು ಮಹಜರು ಬರೆದು, ದಾರಿ ಬಿಡಿಸಿಕೊಡಬೇಕು. ನಕಾಶೆಯಲ್ಲಿ ಇಲ್ಲದ, ರೂಢಿಯಿಂದ ಮಾತ್ರ ನಡೆಯುತ್ತಿದ್ದ ದಾರಿಯಾದರೆ ಪಕ್ಕದ ಹೊಲದವನ ಒಪ್ಪಿಗೆ ಬೇಕು, ಇಲ್ಲವೇ ಸಿವಿಲ್ ಕೋರ್ಟು. ಅರ್ಜಿ ಕೊಡುವ ಮೊದಲು ಊರಿನ ನಕಾಶೆಯ ಪ್ರತಿಯೊಂದನ್ನು ಭೂಮಾಪನ ಇಲಾಖೆಯಿಂದ ತೆಗೆದುಕೊಂಡು ತನ್ನ ಸರ್ವೆ ನಂಬರಿನ ಸುತ್ತ ಚುಕ್ಕಿಗೆರೆ ಇದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.